ಅಮ್ಮನ ಫೋನಿಗೆ ಬಂದ ಏಳು ಆ್ಯಪ್

ಭಾನುವಾರ, 9 ಫೆಬ್ರವರಿ 2025
ಸಾಗರ

ತಿಂಡಿಗೆ ಕೂತಿದ್ದಾಗ ಅಮ್ಮ ಫೋನ್ ತಂದು ಮುಂದಿಟ್ಟಳು. "ನಾನೇನೂ ಹಾಕಿಲ್ಲ ಕಣೇ. ಇವೆಲ್ಲ ಎಲ್ಲಿಂದ ಬಂದ್ವು?"

ಏಳು ಹೊಸ ಆ್ಯಪ್. ಮೂರು ಆಟದ್ದು, ಮೂರು ಶಾಪಿಂಗಿನದು, ಒಂದು ಸಾಲ ಕೊಡುವವರದ್ದು. ಸಾಲದ್ದನ್ನು ನೋಡಿ ನನಗೆ ಎದೆ ಧಸಕ್ ಎಂದಿತು. ಪುಣ್ಯಕ್ಕೆ ಅವಳು ಅದನ್ನು ತೆರೆದೇ ಇರಲಿಲ್ಲ. ಕಾಂಟ್ಯಾಕ್ಟ್ಸ್ ನೋಡಲು ಅನುಮತಿಯೂ ಕೊಟ್ಟಿರಲಿಲ್ಲ.

ನಿನ್ನೆ ರಾತ್ರಿ ಫೋನ್ ಅಪ್‌ಡೇಟ್ ಆಗಿದೆ. ಅದೇನೋ ಸರಿಯಾದ ಅಪ್‌ಡೇಟೇ. ಆದರೆ ಮುಗಿದು ಫೋನ್ ಮತ್ತೆ ಆನ್ ಆದಾಗ 'ನಿಮಗಾಗಿ ಆ್ಯಪ್‌ಗಳು' ಅಂತ ಇನ್ನೊಂದು ಪುಟ ಬಂದಿದೆ, ಇಂಗ್ಲಿಷಿನಲ್ಲಿ. ಈ ಪುಟ ನಾನೂ ನೋಡಿದ್ದೇನೆ. ಎಲ್ಲದಕ್ಕೂ ಮೊದಲೇ ಟಿಕ್ ಹಾಕಿರುತ್ತಾರೆ. ಕೆಳಗೆ ದೊಡ್ಡ ನೀಲಿ ಬಟನ್. 'ಸ್ಕಿಪ್' ಮಾತ್ರ ಮೂಲೆಯಲ್ಲಿ, ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ಇದೂ ಅಪ್‌ಡೇಟಿನ ಕೆಲಸವೇ ಅಂದುಕೊಂಡು ಅಮ್ಮ ನೀಲಿ ಬಟನ್ ಒತ್ತಿದ್ದಾಳೆ. ಅವಳದ್ದೇನು ತಪ್ಪು? ಅರ್ಥವಾಗದ ಹಾಗೆ ಕೇಳಿ ಹೂಂ ಅನ್ನಿಸಿಕೊಳ್ಳೋದು ಮೋಸವೇ.

ಇಬ್ಬರೂ ಕೂತು ಏಳನ್ನೂ ತೆಗೆದೆವು. ಇವಲ್ಲದೆ, ಫೋನಿನ ಜೊತೆಗೇ ಬಂದಿದ್ದ ಇನ್ನೊಂದು ಬೇಡದ ಆ್ಯಪ್‌ಗೆ ಅನ್‌ಇನ್‌ಸ್ಟಾಲ್ ಬಟನ್ನೇ ಇರಲಿಲ್ಲ. ಅದನ್ನು ಡಿಸೇಬಲ್ ಮಾಡಿದೆ.

"ಇನ್ಮೇಲೆ ಅಪ್‌ಡೇಟೇ ಬೇಡ" ಅಂದಳು ಅಮ್ಮ. ನನಗೆ ಜಾಸ್ತಿ ಚಿಂತೆಯಾಗಿದ್ದು ಈ ಮಾತಿಗೆ. ಅವಳು ಹಾಲಿನವನಿಗೂ ಫೋನಿನಲ್ಲೇ ದುಡ್ಡು ಕಳಿಸುತ್ತಾಳೆ. ಕಳ್ಳರು ನುಗ್ಗುವ ಕಿಂಡಿಗಳನ್ನು ಮುಚ್ಚುವುದೇ ಆ ಅಪ್‌ಡೇಟ್. ಅದನ್ನೇ ಬಿಟ್ಟರೆ ಹೇಗೆ?

ಸೆಟ್ಟಿಂಗ್ಸ್ ತೆರೆದು 'ಸಾಫ್ಟ್‌ವೇರ್ ಅಪ್‌ಡೇಟ್' ಎಲ್ಲಿದೆ ಅಂತ ತೋರಿಸಿದೆ. ಫೋನಿನ ಅಪ್‌ಡೇಟ್ ಬಂದಿದೆಯಾ ಅಂತ ಇಲ್ಲೇ ನೋಡಬೇಕು. ಆ್ಯಪ್‌ಗಳದ್ದಾದರೆ ಪ್ಲೇ ಸ್ಟೋರ್‌ನಲ್ಲಿ. ಏನೋ ಓದುತ್ತಿರುವಾಗ 'ನಿಮ್ಮ ಫೋನ್ ಹಳೆಯದಾಗಿದೆ, ಕೂಡಲೇ ಅಪ್‌ಡೇಟ್ ಮಾಡಿ' ಅಂತ ಎದ್ದು ಬಂದರೆ ಆ ಪುಟವನ್ನೇ ಮುಚ್ಚಬೇಕು. ವಾಟ್ಸಾಪಿನಲ್ಲಿ ಮದುವೆ ಕಾಗದ, ಟ್ರಾಫಿಕ್ ದಂಡ ಅಂತ ಬರುವ ಎಪಿಕೆ ಫೈಲ್ ಅಂತೂ ಮುಟ್ಟಲೇಬಾರದು. ಅದು ಕಾಗದವೂ ಅಲ್ಲ, ರಸೀದಿಯೂ ಅಲ್ಲ, ಒಂದು ಆ್ಯಪ್.

2017ರ ಆಂಡ್ರಾಯ್ಡ್ 8ರಿಂದ ಈಚೆಗೆ, ಪ್ಲೇ ಸ್ಟೋರ್‌ನ ಹೊರಗಿನ ಆ್ಯಪ್ ಹಾಕಿಸಲು ಬ್ರೌಸರ್, ವಾಟ್ಸಾಪ್ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅನುಮತಿ ಬೇಕು. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಅಂತ ಹುಡುಕಿದರೆ ಸಿಗುತ್ತದೆ. ಅಮ್ಮನ ಬ್ರೌಸರಿಗೆ ಯಾವಾಗಲೋ ಅನುಮತಿ ಹೋಗಿತ್ತು. ಆಫ್ ಮಾಡಿದೆ. ಎಷ್ಟು ದಿನದಿಂದ ಹಾಗೆಯೇ ಇತ್ತೋ! ಸೈಬರ್ ವಂಚನೆಯ ಸಹಾಯವಾಣಿ 1930 ಅನ್ನೂ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ.

ಕೊನೆಗೆ ಫೋನಿನ ಭಾಷೆಯನ್ನೇ ಕನ್ನಡಕ್ಕೆ ಬದಲಿಸಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು, ಅಲ್ವಾ?

ಸಂಜೆ ದೀಪ ಹಚ್ಚಿ ಬಂದವಳು ಫೋನ್ ಹಿಡಿದು ನಿಂತಿದ್ದಳು. ಫೋನ್ ಅವಳನ್ನು ಏನೋ ಕೇಳುತ್ತಿತ್ತು. ಕನ್ನಡಕ ಸರಿ ಮಾಡಿಕೊಂಡು ಮೇಲಿಂದ ಕೆಳಗಿನವರೆಗೆ ಜೋರಾಗಿ ಓದಿದಳು. "'ಈಗ ಬೇಡ' ಅಂತಲೂ ಇದೆ ಕಣೇ" ಅಂದಳು. ಅದನ್ನೇ ಒತ್ತಿದಳು.