ಆ ಟಿಕೆಟ್ ಕ್ಲೋಸ್ ಮಾಡಿದ್ದು ನಾನೇ

ನಾನು ಕೆಲಸ ಮಾಡೋದು ಜಿಮ್ಯಾಟ್‌ಗೆ, ಅಂದ್ರೆ ಎಂಬಿಎ ಸೇರೋಕೆ ಬರೆಯೋ ಪರೀಕ್ಷೆಗೆ, ಆನ್‌ಲೈನಲ್ಲಿ ಕೋಚಿಂಗ್ ಕೊಡೋ ಒಂದು ಸಣ್ಣ ಕಂಪ್ನಿಲಿ. ಹೆಸರಿಗೆ ಕಂಟೆಂಟ್ ಎಡಿಟರ್, ಆದ್ರೆ ಒಂಬತ್ತೇ ಜನ ಇರೋ ಕಡೆ ಆ ಹೆಸರುಗಳಿಗೆಲ್ಲ ಏನೂ ಅರ್ಥ ಇರಲ್ಲ, ಪ್ರಶ್ನೆ ಬರೀತೀನಿ, ವೀಡಿಯೋ ಸ್ಕ್ರಿಪ್ಟ್ ತಿದ್ತೀನಿ, ಸಪೋರ್ಟ್ ನೋಡ್ಕೊಳ್ಳೋ ಹುಡುಗ ರಜೆ ಹಾಕಿದ ದಿನ ಅವನ ಟಿಕೆಟ್‌ಗಳಿಗೂ, ಅಂದ್ರೆ ವಿದ್ಯಾರ್ಥಿಗಳು ಕಳಿಸೋ ದೂರು, ಪ್ರಶ್ನೆಗಳಿಗೂ, ನಾನೇ ಉತ್ತರ ಕೊಡ್ತೀನಿ.

ಒಂದು ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆಯೋ ಹೊತ್ತಿಗೆ ಗ್ರೂಪಲ್ಲಿ ಮೆಸೇಜ್ ಮೇಲೆ ಮೆಸೇಜ್. ನಮ್ಮ ಕೋರ್ಸ್ ತಗೊಂಡಿದ್ದ ಒಬ್ರು ಮೇಡಂ ಎಲ್ಲರಿಗೂ ಕಾಣೋ ಹಾಗೆ ನಮ್ಮ ಬಗ್ಗೆ ಉದ್ದಕ್ಕೆ ಬರ್ದು ಹಾಕಿದ್ರು, ರಾತ್ರಿಯಿಂದ ಬೆಳಿಗ್ಗೆ ಒಳಗೆ ಸುಮಾರು ಜನ ಅದನ್ನ ಓದಿ 'ನಂಗೂ ಹಿಂಗೇ ಆಯ್ತು' ಅಂತ ಸೇರ್ಸಿದ್ರು. ಸರ್ ನಂಗೆ ಒಂದೇ ಸಾಲು ಹಾಕಿದ್ರು: 'ಹನ್ನೊಂದು ಗಂಟೆ ಒಳಗೆ ರಿಪ್ಲೈ ಡ್ರಾಫ್ಟ್ ಬೇಕು.' ಭಾಷೆ ಸ್ವಲ್ಪ ನೆಟ್ಟಗಿರೋದು ನಂದು ಅನ್ನೋ ಕಾರಣಕ್ಕೆ ಇಂಥ ಪಾಪದ ಕೆಲಸ ಎಲ್ಲ ನನ್ನ ತಲೆಗೇ.

ಅವರ ದೂರು ಇಷ್ಟು. ನಮ್ಮ ಕೊನೇ ಮಾಕ್ ಟೆಸ್ಟ್‌ನಲ್ಲಿ 705 ಬಂದಿತ್ತಂತೆ, ನಿಜವಾದ ಪರೀಕ್ಷೆಲಿ 635. ಒಂದು ಮಾಕ್‌ನಲ್ಲಿ ತ್ರಿಕೋನದ ಕೋನ ಕೇಳೋ ಪ್ರಶ್ನೆ ಇತ್ತಂತೆ, ಜ್ಯಾಮಿಟ್ರಿ ಈಗ ಕ್ವಾಂಟ್‌ನಲ್ಲಿ, ಅಂದ್ರೆ ಗಣಿತದ ಭಾಗದಲ್ಲಿ, ಇಲ್ವೇ ಇಲ್ವಲ್ಲ ಅಂತ ಕೇಳಿದ್ರು. ಸ್ಕೋರ್ ಗ್ಯಾರಂಟಿ ಕ್ಲೈಮ್ ಮಾಡೋಕೆ ಹೋದ್ರೆ ನೀವು ಕೋರ್ಸ್ ಪೂರ್ತಿ ಮುಗಿಸಿಲ್ಲ, 98 ಪರ್ಸೆಂಟ್ ಅಷ್ಟೇ ಆಗಿದೆ ಅಂತ ರಿಜೆಕ್ಟ್. ಆ ಎರಡು ಪರ್ಸೆಂಟ್ ಒಂದು ವೀಡಿಯೋದ್ದು, ನಾಲ್ಕು ಸಲ ನೋಡಿದ್ರೂ ಅದು 'ಮುಗಿದಿದೆ' ಅಂತ ತೋರಿಸ್ಲಿಲ್ಲ ಅಂತ ಸ್ಕ್ರೀನ್‌ಶಾಟ್ ಬೇರೆ ಹಾಕಿದ್ರು. ಮೂರು ಸಲ ಟಿಕೆಟ್ ಹಾಕಿದೆ, ಮೂರು ಸಲವೂ ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂದ್ರು, ವಿಷಾದ ಪಟ್ಟು ಪಟ್ಟು ಸುಸ್ತಾಗಿರ್ಬೇಕು ಪಾಪ, ಅಂತ ಬರ್ದಿದ್ರು. ನಗು ಬಂತು, ಆಮೇಲೆ ನಗೋ ಹಾಗಿಲ್ಲ ಅಂತ ನೆನಪಾಯ್ತು.

ಮೊದಲನೇ ಡ್ರಾಫ್ಟ್ ನಾನು ಹತ್ತು ನಿಮಿಷದಲ್ಲಿ ಗೀಚಿ ಕೊಟ್ಟೆ, ಅದರಲ್ಲೂ ವಿಷಾದ ಇತ್ತು. ಸರ್ ಅದನ್ನ ತಿದ್ದಿ ಎರಡನೇದು ಮಾಡಿದ್ರು, ನಿಮ್ಮ ಅನುಭವ ನಮಗೆ ಮುಖ್ಯ, ಆದರೆ ನಿಯಮಗಳ ಪ್ರಕಾರ, ಆದರೆ ಎಲ್ಲಾ ವಿದ್ಯಾರ್ಥಿಗಳ ಸ್ಕೋರಲ್ಲೂ ಏರುಪೇರು ಸಹಜ, ಆದರೆ... ಒಂದು ಪ್ಯಾರಾದಲ್ಲಿ ನಾಲ್ಕು 'ಆದರೆ' ಎಣಿಸಿದೆ. ಆಮೇಲೆ ಮಾರ್ಕೆಟಿಂಗ್‌ನವನು ಕಾಲ್‌ಗೆ ಬಂದ. 'ಆಯಮ್ಮ ಪರೀಕ್ಷೆಗೆ ಮುಂಚಿನ ಒಂದು ವಾರ ಲಾಗಿನ್ನೇ ಆಗಿಲ್ಲ ಸರ್, ನನ್ನ ಹತ್ರ ಲಾಗ್ ಇದೆ, ಹಾಕ್ಬಿಡೋಣ, ಜನಕ್ಕೂ ಗೊತ್ತಾಗ್ಲಿ' ಅಂದ. ಸರ್ ಒಂದು ಕ್ಷಣ ಸುಮ್ನಿದ್ರು, ಆ ಸುಮ್ನಿರೋದು ನಂಗೆ ಸರಿ ಕಾಣ್ಲಿಲ್ಲ. ಯಾರು ಯಾವತ್ತು ಓದಿದ್ರು, ಎಷ್ಟು ಹೊತ್ತು ಓದಿದ್ರು ಅನ್ನೋದು ಅವರು ನಮ್ಮನ್ನ ನಂಬಿ ಬಿಟ್ಟಿರೋ ಮಾಹಿತಿ, ಜಗಳ ಗೆಲ್ಲೋಕೆ ಅದನ್ನ ಬೀದಿಗೆ ಹಾಕಿದ್ರೆ ನಾಳೆ ಯಾರ್ ಸೇರ್ತಾರೆ ಸರ್ ಅಂದೆ. ಸರಿ ಬೇಡ, ಆದ್ರೆ ಮೊದ್ಲು ಅವರು ಹೇಳ್ತಿರೋದು ನಿಜಾನಾ ನೋಡು ಅಂದ್ರು. ನೋಡಿ, ಆ ಮಾತು ಆ ಬೆಳಿಗ್ಗೆಲಿ ಮೊದಲ ಸಲ ಬಂದಿದ್ದು ಆಗ, ಅಲ್ಲೀವರೆಗೂ ನಾವೆಲ್ಲ ಮಾತಾಡ್ತಿದ್ದಿದ್ದು ಏನು ಬರೆಯೋದು ಅಂತಷ್ಟೇ.

ನಾನು ತ್ರಿಕೋನದಿಂದ ಶುರು ಮಾಡ್ದೆ. ಜಿಮ್ಯಾಟ್ ಫಾರ್ಮ್ಯಾಟ್ 2023ರ ನವೆಂಬರ್‌ನಲ್ಲಿ ಬದಲಾಯ್ತು, ಹಳೇ ಪರೀಕ್ಷೆ 2024ರ ಜನವರಿ 31ಕ್ಕೆ ನಿಂತೇ ಹೋಯ್ತು. ಹೊಸದರಲ್ಲಿ ಜ್ಯಾಮಿಟ್ರಿ ಹೋಯ್ತು, ಸೆಂಟೆನ್ಸ್ ಕರೆಕ್ಷನ್ ಹೋಯ್ತು, ಎಸ್ಸೇ ಹೋಯ್ತು. ಆಗ ನಾವು ರಾತ್ರಿ ಹಗಲು ಕೂತು ಮಾಕ್‌ಗಳನ್ನ ಬದಲಾಯಿಸಿದ್ವಿ, ಅಂದ್ರೆ ಹೊಸದಾಗಿ ಮಾಡ್ಲಿಲ್ಲ, ಹಳೇದರಲ್ಲಿ ಬೇಡದ್ದು ತೆಗೆದು ಬೇಕಾದ್ದು ತುಂಬಿದ್ವಿ. ವಿಷಯದ ಟ್ಯಾಗ್ ತಪ್ಪಾಗಿದ್ದ ಒಂದು ತ್ರಿಕೋನ ಹಾಗೇ ಉಳ್ಕೊಂಡಿತ್ತು. ಅದೇನು ದೊಡ್ಡ ವಿಷ್ಯ ಅಲ್ಲ, ಒಂದು ಪ್ರಶ್ನೆ. ಆದ್ರೆ ಒಂದು ಪ್ರಶ್ನೆ ಹಾಗೇ ಉಳಿದಿದ್ರೆ ಇನ್ನೇನೇನು ಉಳಿದಿರ್ಬಹುದು ಅನ್ನೋ ಹುಳ ತಲೆಗೆ ಹೊಕ್ತು.

ಸ್ಕೋರ್ ಕೊಡೋ ಶೀಟ್ ತೆಗೆದೆ. ನಮ್ಮ ಮಾಕ್‌ನಲ್ಲಿ ಸರಿ ಉತ್ತರ ಎಷ್ಟು, ಅದ್ರಲ್ಲಿ ಕಷ್ಟದ್ದು ಎಷ್ಟು ಅಂತ ಲೆಕ್ಕ ಹಾಕಿ ಒಳಗೆ ಒಂದು ನಂಬರ್ ಬರುತ್ತೆ, ಆ ನಂಬರನ್ನ ಒಂದು ಟೇಬಲ್‌ನಲ್ಲಿ ಹುಡುಕಿ ಸ್ಕೋರ್ ತೋರಿಸುತ್ತೆ. ಹಳೇ ಜಿಮ್ಯಾಟ್‌ನಲ್ಲಿ ಸ್ಕೋರ್ 200ರಿಂದ 800, ಎಲ್ಲಾ ಸೊನ್ನೇಲಿ ಮುಗಿಯೋದು. ಹೊಸದು 205ರಿಂದ 805, ಎಲ್ಲಾ ಐದರಲ್ಲಿ ಮುಗಿಯುತ್ತೆ, ಹಳೇ ಸ್ಕೋರ್ ಜೊತೆ ಜನ ಗೊಂದಲ ಮಾಡ್ಕೋಬಾರ್ದು ಅಂತಲೇ ಹಾಗೆ ಮಾಡಿದ್ದು. ನಾವು ಗೊಂದಲ ಮಾಡ್ಕೊಂಡಿದ್ವಿ. ಟೇಬಲ್‌ನ ಮೂರನೇ ಕಾಲಮ್ ಮೇಲೆ ಕ್ಲಿಕ್ ಮಾಡ್ದೆ, ಮೇಲ್ಗಡೆ ಫಾರ್ಮುಲಾ ಕಾಣಿಸ್ತು: ಬಿ2 ಪ್ಲಸ್ 5. ಕೆಳಗೆ ಬಿ3 ಪ್ಲಸ್ 5. ಕೊನೇವರೆಗೂ ಅದೇ. ಯಾರೋ ಹಳೇ ಸ್ಕೋರಿಗೆ ಐದು ಕೂಡಿಸಿ, 700 ಇದ್ದದ್ದನ್ನ 705 ಮಾಡಿ, ಹೊಸ ಸ್ಕೋರ್ ಅಂತ ಇಟ್ಟಿದ್ರು.

ಜಿಮ್ಯಾಟ್ ಗೊತ್ತಿಲ್ದೋರಿಗೆ ಇದು ಎಷ್ಟು ದೊಡ್ಡ ತಪ್ಪು ಅಂತ ಹೊಳೆಯಲ್ಲ. ಎರಡು ಸ್ಕೇಲ್‌ಗೂ ಹೋಲಿಕೆ ಟೇಬಲನ್ನ ಪರೀಕ್ಷೆ ನಡೆಸೋರೇ ಕೊಟ್ಟಿದ್ದಾರೆ, ಪರ್ಸೆಂಟೈಲ್, ಅಂದ್ರೆ ಆ ಸ್ಕೋರಿಗಿಂತ ಕೆಳಗೆ ಎಷ್ಟು ಪರ್ಸೆಂಟ್ ಜನ ಇದ್ದಾರೆ ಅನ್ನೋದನ್ನ, ನೋಡಿ ಹೊಂದಿಸಿದ್ರೆ ಹಳೇ 700 ಅಂದ್ರೆ ಹೊಸ 645ರ ಹತ್ತಿರ ಬರುತ್ತೆ. ಅಂದ್ರೆ ಆ ಮೇಡಂಗೆ ನಾವು ತೋರಿಸ್ಬೇಕಾಗಿದ್ದು 645. ಬಂದಿದ್ದು 635. ಹತ್ತು ಅಂಕ ಆಚೀಚೆ ಯಾರಿಗಾದ್ರೂ ಆಗುತ್ತೆ, ಅದೇ ಮನುಷ್ಯ ಮುಂದಿನ ತಿಂಗಳು ಬರೆದ್ರೂ ಆಗುತ್ತೆ. 705ಕ್ಕೂ 635ಕ್ಕೂ ಇರೋ ಎಪ್ಪತ್ತರಲ್ಲಿ ಹತ್ತು ಅವರದು, ಅರವತ್ತು ನಮ್ದು.

ಆಮೇಲೆ ಅವರ ಹಳೇ ಟಿಕೆಟ್‌ಗಳನ್ನ ತೆಗೆದೆ, ತೆಗಿಬಾರ್ದಿತ್ತು. ಎರಡನೇದರಲ್ಲಿ ಅವರು ಸ್ಪಷ್ಟವಾಗಿ ಬರ್ದಿದ್ರು, ಆಫೀಶಿಯಲ್ ಸೈಟಲ್ಲಿ ಫ್ರೀ ಇರೋ ಎರಡು ಪ್ರಾಕ್ಟೀಸ್ ಎಕ್ಸಾಂ ತಗೊಂಡೆ, ಎರಡರಲ್ಲೂ 640ರ ಆಸುಪಾಸು ಬರ್ತಿದೆ, ನಿಮ್ಮಲ್ಲಿ 705 ಬರುತ್ತೆ, ಯಾವುದನ್ನ ನಂಬ್ಲಿ? ಪರೀಕ್ಷೆಗೆ ಇನ್ನೂ ಐದು ದಿನ ಇದ್ದಾಗ ಕೇಳಿದ ಪ್ರಶ್ನೆ ಅದು. ಲಾಗಿನ್ ಆಗದ ಆ ವಾರ ಅವರು ಆಫೀಶಿಯಲ್ ಪರೀಕ್ಷೆಗಳನ್ನೇ ಬರೀತಿದ್ರು. ಅದಕ್ಕೆ ನಮ್ಮ ಕಡೆಯಿಂದ ಹೋದ ಉತ್ತರ, 'ಸ್ಕೋರ್‌ಗಳಲ್ಲಿ ವ್ಯತ್ಯಾಸ ಸಹಜ, ಆತ್ಮವಿಶ್ವಾಸದಿಂದ ಬರೆಯಿರಿ, ಶುಭವಾಗಲಿ.' ಟಿಕೆಟ್ ಕ್ಲೋಸ್ಡ್. ಪಕ್ಕದಲ್ಲಿ ಉತ್ತರ ಕೊಟ್ಟವರ ಹೆಸರು, ನಂದು. ಸಪೋರ್ಟ್ ಹುಡುಗ ರಜೆ ಹಾಕಿದ್ದ ದಿನ. ಬರೆದಿದ್ದು ನೆನಪೂ ಇಲ್ಲ, ಅವತ್ತು ಅಂಥವು ಇಪ್ಪತ್ತು ಕ್ಲೋಸ್ ಮಾಡಿರ್ಬಹುದು. ಅವತ್ತೇ ನಾನು ಆ ಶೀಟ್ ತೆಗೆದು ಒಂದು ಸಲ ಕ್ಲಿಕ್ ಮಾಡಿದ್ದಿದ್ರೆ ಸಾಕಿತ್ತು, ಅವರು ಡೇಟ್ ಮುಂದಕ್ಕೆ ಹಾಕ್ಕೊಳ್ತಿದ್ರೋ ಏನೋ. ಮತ್ತೆ ಬರೆಯೋಕೆ ಕನಿಷ್ಠ 16 ದಿನ ಕಾಯ್ಬೇಕು, ಅವರ ಅಪ್ಲಿಕೇಶನ್ ಡೆಡ್‌ಲೈನ್‌ಗೆ ಉಳಿದಿದ್ದು 11.

ಸರ್‌ಗೆ ಫೋನ್ ಮಾಡಿ ಮೂರನ್ನೂ ಹೇಳ್ದೆ, ತ್ರಿಕೋನ, ಟೇಬಲ್, ಟಿಕೆಟ್ ನಾನೇ ಕ್ಲೋಸ್ ಮಾಡಿದ್ದು. ಟೇಬಲ್ ವಿಷ್ಯ ಪಬ್ಲಿಕ್ಕಾಗಿ ಬರೆಯೋದು ಬೇಡ, ಅವರಿಗೆ ಪರ್ಸನಲ್ಲಾಗಿ ಹೇಳಿ ರಿಫಂಡ್ ಕೊಡೋಣ ಅಂದ್ರು. ಅರ್ಧ ಗಂಟೆ ವಾದ ಆಯ್ತು. ಇಂಥ ರಿಪ್ಲೈ ನಾವು ಬರೆಯೋದು ದೂರು ಕೊಟ್ಟೋರಿಗಲ್ಲ, ಸುತ್ತ ನಿಂತು ನೋಡ್ತಿರೋ ಮುಂದಿನ ಗಿರಾಕಿಗೆ, ಅದು ನಂಗೂ ಗೊತ್ತು, ಸರ್‌ಗೂ ಗೊತ್ತು. ಆದ್ರೆ ಅದೇ ಮಾಕ್ ಬರೆದು 705 ಅಂತ ಖುಷಿಯಾಗಿ ಮುಂದಿನ ವಾರ ಪರೀಕ್ಷೆಗೆ ಹೋಗ್ತಿರೋರೂ ಅದನ್ನ ಓದ್ತಿದ್ದಾರಲ್ಲ ಸರ್ ಅಂದೆ. ಅದಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ, 'ಬರಿ' ಅಂದ್ರು, ಕೋಪದಲ್ಲೇ.

ಹಾಕಿದ್ದು ಇಷ್ಟೇ. 'ನೀವು ಹೇಳಿದ್ದು ಸರಿ. ನಮ್ಮ ಮಾಕ್ ಹಳೇ ಸ್ಕೇಲಲ್ಲಿ ಸ್ಕೋರ್ ಕೊಡ್ತಿತ್ತು, ನಿಮಗೆ ಸುಮಾರು 60 ಅಂಕ ಜಾಸ್ತಿ ತೋರಿಸಿದೆ. ಟಿಕೆಟ್‌ನಲ್ಲಿ ನೀವು ಇದನ್ನೇ ಕೇಳಿದ್ರಿ, ನಾವು ನೋಡ್ದೇ ಉತ್ತರ ಕೊಟ್ವಿ. ಪೂರ್ತಿ ದುಡ್ಡು ಇವತ್ತೇ ವಾಪಸ್ ಹಾಕ್ತಿದೀವಿ. ಈ ಮಾಕ್ ಬರೆದಿರೋರು ದಯವಿಟ್ಟು ಆ ಸ್ಕೋರ್ ನಂಬ್ಬೇಡಿ.' ಒಂದೂ 'ಆದರೆ' ಇಲ್ಲ, ಎರಡು ಸಲ ಓದಿ ಚೆಕ್ ಮಾಡ್ದೆ. ಮಾರ್ಕೆಟಿಂಗ್‌ನವನು ಎರಡು ದಿನ ನನ್ನ ಜೊತೆ ಮಾತಾಡ್ಲಿಲ್ಲ.

ಮೇಡಂ ಥ್ಯಾಂಕ್ಸೂ ಹೇಳ್ಲಿಲ್ಲ, ಬರೆದಿದ್ದನ್ನ ತೆಗೀಲೂ ಇಲ್ಲ, ಯಾಕೆ ತೆಗೀಬೇಕು. ಸಂಜೆ ಅದೇ ಹಳೇ ಟಿಕೆಟನ್ನ ಮತ್ತೆ ಓಪನ್ ಮಾಡಿ ಒಂದು ಪ್ರಶ್ನೆ ಹಾಕಿದ್ರು: 'ಈ ಟೇಬಲ್ ಇಟ್ಕೊಂಡು ಇಲ್ಲೀವರೆಗೂ ಎಷ್ಟು ಜನಕ್ಕೆ ಸ್ಕೋರ್ ಕೊಟ್ಟಿದ್ದೀರಿ? ಅವ್ರಿಗೆಲ್ಲ ಮೇಲ್ ಹೋಗುತ್ತಾ?' ಆ ಟಿಕೆಟ್ ಈಗ ನನ್ನ ಹೆಸರಲ್ಲೇ ಇದೆ, ಲಿಸ್ಟ್ ತೆಗೀತಾ ಇದೀನಿ, 2024ರ ಫೆಬ್ರವರಿವರೆಗೂ ಹಿಂದಕ್ಕೆ ಬಂದಿದೀನಿ, ಇನ್ನೂ ಇದೆ.