ಅಡಿಕೆ ಸುಲಿಯುವ ಚಪ್ಪರಕ್ಕೊಂದು ಕ್ಯಾಮೆರಾ

2024 ನವೆಂಬರ್ 24, ಭಾನುವಾರ
ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ, ರಾತ್ರಿ 11.30

ಸುಲಿಯಲು ಬಂದವರೆಲ್ಲ ಈಗಷ್ಟೇ ಎದ್ದು ಹೋದರು. ಚಪ್ಪರದಲ್ಲಿ ಸಿಪ್ಪೆಯ ರಾಶಿ ಹಾಗೇ ಇದೆ, ಒಲೆಯ ಮೇಲಿನ ಹಂಡೆ ಇನ್ನೂ ಬಿಸಿಯಾಗಿದೆ. ನಾನೂ ಕೂತು ಒಂದು ಡಬ್ಬ ಸುಲಿದೆ; ಬೆರಳ ತುದಿಯೆಲ್ಲ ಕಲೆ, ಕೀಲಿಮಣೆ ಮುಟ್ಟುವ ಮೊದಲು ಎರಡು ಸಲ ಸೋಪು ಹಾಕಿ ತೊಳೆದೆ. ನಾಳೆ ಬೆಳಿಗ್ಗೆಯ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡಬೇಕು, ಶಾಲೆ ಇದೆ. ಆದರೂ ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ. ನಾಲ್ಕು ತಿಂಗಳು ಹುಡುಕಿ ತಂದ ಪುಟ್ಟ ಕ್ಯಾಮೆರಾವನ್ನು ಇವತ್ತು ಮೊದಲ ಸಲ ಚಪ್ಪರಕ್ಕೆ ಇಳಿಸಿದೆ.

ಇದು ಶುರುವಾದದ್ದು ಅಜ್ಜಿಯ ಫೋಟೋದಿಂದ. 2021ರ ಸುಗ್ಗಿಯಲ್ಲಿ ಅಜ್ಜಿ ಇದೇ ಚಪ್ಪರದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಿದ್ದಾಗ ಫೋನಿನಲ್ಲಿ ಒಂದು ಚಿತ್ರ ತೆಗೆದಿದ್ದೆ. ಫೋನಿನ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ, ವರ್ಷಾಂತದ ಕಾರ್ಯಕ್ಕೆ ಕಟ್ಟು ಹಾಕಿಸೋಣ ಅಂತ ಸ್ಟುಡಿಯೋಕ್ಕೆ ಒಯ್ದೆ. ಅಲ್ಲಿನವರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿ, 'ಇದರಲ್ಲಿ ಮುಖವೇ ಇಲ್ಲವಲ್ಲ ಮೇಡಂ' ಅಂದರು. ನಿಜ. ಕೆನ್ನೆ ಮೇಣದ ಹಾಗೆ ನುಣ್ಣಗೆ. ಕಣ್ಣಿನ ಸುತ್ತ ಅಷ್ಟೊಂದು ಗೆರೆಗಳಿದ್ದವು, ಒಂದೂ ಉಳಿದಿರಲಿಲ್ಲ. ಹಿಂದಿನ ಗೋಡೆಯ ಮೇಲೆ ಅಡ್ಡಡ್ಡ ನೆರಳಿನ ಪಟ್ಟೆಗಳು ಬೇರೆ.

ಯಾಕೆ ಹಾಗಾಯಿತು ಅಂತ ಓದಿ ತಿಳಿದುಕೊಂಡೆ. ಫೋನಿನ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ಚಿಕ್ಕದು. ಮಬ್ಬು ಬೆಳಕಿನಲ್ಲಿ ಅದಕ್ಕೆ ಸಿಗುವ ಬೆಳಕು ಸಾಲದೆ ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಕಾಳು ಕಾಳು ಬರುತ್ತದೆ. ಅದಕ್ಕೆ ನಾಯ್ಸ್ ಅನ್ನುತ್ತಾರೆ. ಫೋನು ಒಂದರ ಹಿಂದೊಂದು ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಕೂರಿಸಿ, ಆ ಕಾಳನ್ನು ಒರೆಸಿ ಹಾಕುತ್ತದೆ. ಒರೆಸುವಾಗ ಯಾವುದು ಕಾಳು, ಯಾವುದು ಅಜ್ಜಿಯ ಸುಕ್ಕು ಅಂತ ಅದಕ್ಕೆ ತಿಳಿಯುವುದಿಲ್ಲ. ಪಟ್ಟೆಗಳಿಗೆ ಕಾರಣ ನಮ್ಮ ಬಲ್ಬು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಹಾಗಾಗಿ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಬೆಳಕು ಹೆಚ್ಚು, ಕೆಲವಕ್ಕೆ ಕಮ್ಮಿ.

ಕೊನೆಗೆ ಗೋಡೆಗೆ ಏರಿದ್ದು 2009ರ ಚಿತ್ರ. ಆಗ ನಮ್ಮಲ್ಲಿ 8 ಮೆಗಾಪಿಕ್ಸೆಲ್‌ನ ಸಣ್ಣದೊಂದು ಕ್ಯಾಮೆರಾ ಇತ್ತು. ಬೆಳಗಿನ ಬಿಸಿಲಲ್ಲಿ ಅಜ್ಜಿ ತುಳಸಿಕಟ್ಟೆಯ ಪಕ್ಕ ನಿಂತಿದ್ದಾಳೆ. 16 ಇಂಚು ಅಗಲ, 12 ಇಂಚು ಎತ್ತರಕ್ಕೆ ಹಾಕಿಸಿದೆವು. ಆ ಚಿತ್ರದಲ್ಲಿರುವುದು ಅಗಲಕ್ಕೆ 3264 ಚುಕ್ಕಿ. ಲೆಕ್ಕ ಹಾಕಿದರೆ ಇಂಚಿಗೆ 204. ಗೋಡೆಯ ಮೇಲಿನ ಚಿತ್ರಕ್ಕೆ ಅಷ್ಟು ಧಾರಾಳ ಸಾಕು, ಸೀರೆಯ ಅಂಚಿನ ಎಳೆ ಕೂಡ ಕಾಣುತ್ತದೆ. ಮೆಗಾಪಿಕ್ಸೆಲ್ ನೋಡಿ ಕ್ಯಾಮೆರಾ ಕೊಳ್ಳಬಾರದು ಅಂತ ನನಗೆ ಮನವರಿಕೆಯಾದದ್ದು ಆ ಕಟ್ಟಿನ ಮುಂದೆ ನಿಂತಾಗ. 2009ರಲ್ಲಿ ಅದಕ್ಕೆ ಬಿಸಿಲು ಸಿಕ್ಕಿತ್ತು, ಅಷ್ಟೇ. ಅದೇ ಕ್ಯಾಮೆರಾ ರಾತ್ರಿ ಒಳಗಡೆ ತೆಗೆದ ಚಿತ್ರಗಳಲ್ಲಿ ಒಂದೂ ನೆಟ್ಟಗಿಲ್ಲ.

ನಮ್ಮ ಮನೆಯ ಜೀವನವೆಲ್ಲ ನಡೆಯುವುದು ಮಬ್ಬು ಬೆಳಕಿನಲ್ಲಿ. ಮಳೆಗಾಲದ ನಾಲ್ಕು ತಿಂಗಳು ಹಗಲೇ ಸಂಜೆಯ ಹಾಗೆ. ಅಡುಗೆಮನೆಗೆ ಒಂದು ಸಣ್ಣ ಕಿಟಕಿ. ಸುಲಿಯುವ ಕೆಲಸ ರಾತ್ರಿಯದು. ಹಾಗಾಗಿ ಈ ಬೆಳಕಿಗೆ ಆಗುವ ಕ್ಯಾಮೆರಾ ಬೇಕಿತ್ತು. ಕುರ್ತಾದ ಜೇಬಿಗೆ ಹಿಡಿಯಬೇಕು, ಒಂದೇ ಕೈಯಲ್ಲಿ ತೆಗೆಯುವಂತಿರಬೇಕು, ಕ್ಲಿಕ್ ಸದ್ದಿಗೆ ಯಾರೂ ಮಾತು ನಿಲ್ಲಿಸಬಾರದು. ದೊಡ್ಡ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಂದರೆ ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ, ಆಮೇಲೆ ಯಾವ ಚಿತ್ರವೂ ಬೇಡ.

ತಮ್ಮನದು ಬೇರೆಯೇ ವಾದ. 'ಅಕ್ಕ, ಅಷ್ಟು ದುಡ್ಡಿಗೆ 30 ಪಟ್ಟು ಝೂಮ್ ಇರೋದೇ ಬರ್ತದೆ, ತೋಟದಲ್ಲಿ ಮಂಗಟ್ಟೆ ಕೂತ್ರೆ ಇಲ್ಲಿಂದಲೇ ತೆಗೀಬಹುದು' ಅಂತ. ಅವನಿಗೆ ಹಕ್ಕಿಯ ಹುಚ್ಚು, ಅವನ ಮಟ್ಟಿಗೆ ಅದು ಸರಿ. ಆದರೆ ಜೇಬಿಗೆ ಹಿಡಿಯುವ ಡಬ್ಬಿಯಲ್ಲಿ ಅಷ್ಟು ಝೂಮ್ ತುರುಕಬೇಕಾದರೆ ಸೆನ್ಸರ್ ಕಿರಿದಾಗಲೇಬೇಕು, ಲೆನ್ಸಿನ ಬಾಯಿಯೂ ಕಿರಿದಾಗಬೇಕು. ಅವನು ತೋರಿಸಿದ್ದರಲ್ಲಿ ಸೆನ್ಸರ್ 6.17 ಮಿ.ಮೀ. ಅಗಲ, 4.55 ಮಿ.ಮೀ. ಎತ್ತರ, ಒಟ್ಟು 28 ಚದರ ಮಿಲಿಮೀಟರ್. ಒಂದು ಅಡಿಕೆಯ ಮೇಲೆ ಇಟ್ಟರೆ ಬೊಟ್ಟಿನಷ್ಟು. ಲೆನ್ಸು ಹಿಗ್ಗಿಸದೆ ಇದ್ದಾಗ ಎಫ್ 3.3, ಪೂರ್ತಿ ಹಿಗ್ಗಿಸಿದರೆ 6.4.

ಎಫ್ ಸಂಖ್ಯೆ ಅಂದರೆ ಲೆನ್ಸಿನ ನಾಭಿದೂರವನ್ನು ಅದರ ಬಾಯಿಯ ಅಗಲದಿಂದ ಭಾಗಿಸಿದ್ದು. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬೆಳಕು ಹೆಚ್ಚು. ಅದೂ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. ಎಫ್ 1.8ರ ಲೆನ್ಸು 6.4ರದ್ದಕ್ಕಿಂತ 12 ಪಟ್ಟಿಗೂ ಮೀರಿ ಬೆಳಕು ಬಿಡುತ್ತದೆ, 3.3ರದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. 1.8ರಲ್ಲಿ ಸೆಕೆಂಡಿನ 60ನೇ ಒಂದು ಭಾಗದಲ್ಲಿ ಮುಗಿಯುವ ಚಿತ್ರಕ್ಕೆ 6.4ರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅಮ್ಮನ ಕೈ ಅಡಿಕೆಯ ಸಿಪ್ಪೆ ಸೀಳಿ ಬುಟ್ಟಿಗೆ ಎಸೆದಿರುತ್ತದೆ. ಇದನ್ನು ತಮ್ಮನಿಗೆ ಕಾಗದದ ಮೇಲೆ ಬರೆದು ತೋರಿಸಿದೆ. 'ಹಂಗಾದ್ರೆ ಹಕ್ಕಿಗೆ ಬೇರೆ ತಗೊಳ್ಳುವ' ಅಂದ. ಆಗಲಿ, ಅದು ಮುಂದಿನ ಸುಗ್ಗಿಗೆ.

ಒಂದಿಂಚಿನ ಸೆನ್ಸರ್ ಅನ್ನುವ ಮಾತು ಮೊದಲ ಸಲ ಕೇಳಿದಾಗ ನಾನು ಸ್ಕೇಲು ತಂದು ನೋಡಿದ್ದೆ. ಅದರ ಯಾವ ಬದಿಯೂ ಒಂದಿಂಚು ಇಲ್ಲ. ಅಗಲ 13.2, ಎತ್ತರ 8.8 ಮಿ.ಮೀ. ಹಳೆಯ ಟಿವಿ ಕ್ಯಾಮೆರಾಗಳ ಒಳಗೆ ಗಾಜಿನ ಕೊಳವೆ ಇರುತ್ತಿತ್ತು. ಒಂದಿಂಚು ದಪ್ಪದ ಕೊಳವೆಯಲ್ಲಿ ಚಿತ್ರ ಮೂಡುತ್ತಿದ್ದ ಜಾಗ ಹೆಚ್ಚುಕಮ್ಮಿ ಇಷ್ಟೇ. ಕೊಳವೆ ಹೋಯಿತು, ಅಳತೆಯ ಹೆಸರು ಉಳಿಯಿತು. ಹೆಸರು ಹೇಗೇ ಇರಲಿ, 116 ಚದರ ಮಿಲಿಮೀಟರ್ ಅಂದರೆ ಝೂಮ್ ಕ್ಯಾಮೆರಾದ ಸೆನ್ಸರ್‌ಗಿಂತ ನಾಲ್ಕು ಪಟ್ಟು. ಇಷ್ಟು ದೊಡ್ಡದನ್ನು ಜೇಬಿನ ಕ್ಯಾಮೆರಾದಲ್ಲಿ ಕೂರಿಸಿ, ಎಫ್ 1.8ರ ಲೆನ್ಸು ಕೊಟ್ಟು ಸೋನಿಯವರು 2012ರಲ್ಲಿ ಆರ್‌ಎಕ್ಸ್100 ತಂದರು. ಆಮೇಲೆ ಕ್ಯಾನನ್‌ನವರ ಜಿ7ಎಕ್ಸ್ 2014ರಲ್ಲಿ ಬಂತು. ನನ್ನ ಹುಡುಕಾಟ ಬಹುಪಾಲು ಈ ಎರಡು ಸಾಲುಗಳ ಸುತ್ತಲೇ ನಡೆಯಿತು.

ಬಹುಪಾಲು ಅಂದೆ, ಯಾಕೆಂದರೆ ಮನಸ್ಸು ಬಹಳ ದಿನ ರಿಕೋ ಜಿಆರ್3ರ ಮೇಲೆ ಇತ್ತು. 2019ರದ್ದು, 257 ಗ್ರಾಂ ತೂಕ, ಝೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ನೋಡಲು ಕಪ್ಪು ಸಾಬೂನಿನ ಬಿಲ್ಲೆ. ಒಳಗಿನ ಸೆನ್ಸರ್ ದೊಡ್ಡ ಕ್ಯಾಮೆರಾಗಳಲ್ಲಿ ಇರುವಂಥದ್ದೇ, ಒಂದಿಂಚಿನದ್ದಕ್ಕಿಂತ ಮೂರು ಪಟ್ಟು. ಎರಡು ವಾರ ಅದರದ್ದೇ ಕನಸು. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ: ಅದರ ಲೆನ್ಸು ಎಫ್ 2.8. ಸೆನ್ಸರ್ ಮೂರು ಪಟ್ಟು ದೊಡ್ಡದು ನಿಜ, ಆದರೆ 1.8ಕ್ಕೆ ಹೋಲಿಸಿದರೆ ಲೆನ್ಸು ಒಳಬಿಡುವ ಬೆಳಕು ಅರ್ಧಕ್ಕಿಂತ ಕಮ್ಮಿ. ಒಂದನ್ನೊಂದು ಕಳೆದರೆ ನಮ್ಮ ಚಪ್ಪರದ ಮಟ್ಟಿಗೆ ಉಳಿಯುವ ಲಾಭ ಸ್ವಲ್ಪವೇ. ಕೈ ನಡುಗಿದ್ದನ್ನು ಸರಿಪಡಿಸುವ ವ್ಯವಸ್ಥೆ ಅದರಲ್ಲಿದೆ, ಆದರೆ ಅದು ನನ್ನ ಕೈಯ ನಡುಕಕ್ಕೆ. ಅಮ್ಮನ ಕೈಯ ಓಟವನ್ನು ಅದು ನಿಲ್ಲಿಸುವುದಿಲ್ಲ. ಬೆಲೆಯೂ ನನ್ನ ಕೈಗೆ ಮೀರಿದ್ದು. ಈಗ ಎಲ್ಲರ ಬಾಯಲ್ಲಿರುವ ಫ್ಯೂಜಿ ಎಕ್ಸ್100-6ರ ಮಾತು ಬೇಡ. ಬೆಲೆ ಲಕ್ಷ ದಾಟಿದ್ದು, ತೂಕ ಅರ್ಧ ಕೆ.ಜಿ. ಮೀರಿದ್ದು, ಜೇಬು ಹರಿಯುತ್ತದೆ.

ಅಂತೂ ನಿಂತದ್ದು ಆರ್‌ಎಕ್ಸ್100ರ ಮೂರನೆಯ ಆವೃತ್ತಿಗೆ, 2014ರದ್ದು. ಮೊದಲನೆಯದು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರಲ್ಲಿ ಝೂಮ್ ಮಾಡುತ್ತ ಹೋದ ಹಾಗೆ ಎಫ್ ಸಂಖ್ಯೆ 4.9ಕ್ಕೆ ಏರುತ್ತದೆ. ಮೂರನೆಯದರಲ್ಲಿ ಝೂಮ್ ಕಡಿಮೆ, ಬರೀ ಮೂರು ಪಟ್ಟು ಸಮೀಪ, ಆದರೆ ತುದಿಯಲ್ಲೂ 2.8. ಜೊತೆಗೆ ಪರದೆ ಮೇಲಕ್ಕೆ ಮಡಚುತ್ತದೆ, ಬಿಸಿಲಲ್ಲಿ ಕಣ್ಣಿಟ್ಟು ನೋಡಲು ಮೂಲೆಯಿಂದ ಪುಟ್ಟ ಕಿಂಡಿಯೊಂದು ಮೇಲೇಳುತ್ತದೆ. ಬ್ಯಾಟರಿ ಸೇರಿ 290 ಗ್ರಾಂ.

ಹತ್ತು ವರ್ಷ ಹಳೆಯದು, ಹಾಗಾಗಿ ಸೆಕೆಂಡ್ ಹ್ಯಾಂಡ್. 2010ರ ಹೊತ್ತಿಗೆ ಜಪಾನಿನ ಕಂಪನಿಗಳು ವರ್ಷಕ್ಕೆ 10 ಕೋಟಿಗೂ ಹೆಚ್ಚು ಸಣ್ಣ ಕ್ಯಾಮೆರಾ ಕಳಿಸುತ್ತಿದ್ದವು. ಫೋನು ಬಂದು ಆ ಮಾರುಕಟ್ಟೆಯನ್ನು ನುಂಗಿತು, ಹೊಸ ಮಾದರಿಗಳು ಬರುವುದೇ ಅಪರೂಪವಾಯಿತು. ಈಗ ಕಾಲೇಜು ಹುಡುಗರು ಮತ್ತೆ ಹಳೆಯವನ್ನು ಹುಡುಕುತ್ತಿರುವುದರಿಂದ ಕಪಾಟಿನಲ್ಲಿ ಬಿದ್ದಿದ್ದಕ್ಕೂ ಬೆಲೆ ಬಂದಿದೆ. ಕೊರಿಯರ್‌ನಲ್ಲಿ ತರಿಸಲು ಧೈರ್ಯ ಬರಲಿಲ್ಲ. ಹೋದ ಶನಿವಾರ ಬೆಂಗಳೂರಿಗೆ ಹೋಗಿ ಕಣ್ಣಾರೆ ನೋಡಿ ತಂದೆ.

ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂತೆ. ಹತ್ತು ಸಲ ಆನ್ ಆಫ್ ಮಾಡಿ ಲೆನ್ಸು ಒಳಗೆ ಹೊರಗೆ ಹೋಗುವಾಗ ಕರಕರ ಸದ್ದು ಬರುತ್ತದೆಯೋ ಅಂತ ಕಿವಿಗೊಟ್ಟೆ. ಬಿಳಿ ಗೋಡೆಯನ್ನು ಎಫ್ 11ರಲ್ಲಿ ತೆಗೆದು ನೋಡಿದೆ. ಸೆನ್ಸರ್ ಮೇಲೆ ಧೂಳು ಕೂತಿದ್ದರೆ ಬೂದು ಚುಕ್ಕಿಯಾಗಿ ಅದರಲ್ಲಿ ಕಾಣುತ್ತದೆ, ಲೆನ್ಸು ಬಿಚ್ಚಲು ಬಾರದ ಈ ಥರದವಲ್ಲಿ ಅದನ್ನು ಒರೆಸಲು ಆಗುವುದಿಲ್ಲ. ಬ್ಯಾಟರಿ ಉಬ್ಬಿದೆಯೋ ಅಂತ ಮೇಜಿನ ಮೇಲಿಟ್ಟು ಅಲುಗಿಸಿದೆ. ಕೊನೆಗೆ ಫೋನಿನ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಹಿಡಿದು ಬೂಷ್ಟು ಹುಡುಕಿದೆ. ಜೇಡರ ಬಲೆಯ ಎಳೆಯಂತೆ ಗಾಜಿನ ಮೇಲೆ ಹರಡುವ ಬೂಷ್ಟು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನಮ್ಮಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ನಾನು ಮೊದಲು ನೋಡಿದ ಒಂದರಲ್ಲಿ ಅಂಚಿಗೆ ಎರಡು ಎಳೆ ಕಂಡವು, ಬೇಡ ಅಂದೆ. ಎರಡನೆಯದು ಶುದ್ಧವಾಗಿತ್ತು. 21 ಸಾವಿರ ಕೊಟ್ಟೆ. ಗಾಳಿಯಾಡದ ಅಕ್ಕಿಡಬ್ಬಿಯೊಂದಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರ ಮನೆ ಮಾಡಿದ್ದೇನೆ. ಮಳೆಗಾಲದಲ್ಲಿ ಪೊಟ್ಟಣಗಳನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು. ಚರ್ಮದ ಚೀಲದಲ್ಲಿ ಮಾತ್ರ ಇಡುವುದಿಲ್ಲ, ತೇವ ಹೀರಿಕೊಂಡು ಕೂರುವುದೇ ಅದು.

ಇನ್ನು ಇವತ್ತಿನ ಕಥೆ. ಏಳು ಗಂಟೆಗೆ ಎಲ್ಲರೂ ಸೇರಿದರು. 'ಎಂತ ಮಾರಾಯ್ತಿ, ಫೋನಲ್ಲಿ ಬರದಿರೋದು ಇದ್ರಲ್ಲಿ ಎಂತ ಬರ್ತದೆ?' ಅಂತ ಅಮ್ಮ ಕೇಳಿದಳು. ಉತ್ತರ ಕೊಡದೆ ಮಣೆ ಹಾಕಿಕೊಂಡು ಕೂತೆ. ಪರದೆಯನ್ನು ಮೇಲಕ್ಕೆ ಮಡಚಿ ಕ್ಯಾಮೆರಾ ಮಡಿಲಲ್ಲಿ ಇಟ್ಟುಕೊಂಡೆ. ಷಟರ್ ವೇಗವನ್ನು, ಅಂದರೆ ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತನ್ನು, ಸೆಕೆಂಡಿನ 100ನೇ ಒಂದು ಭಾಗಕ್ಕೆ ನಿಲ್ಲಿಸಿದೆ. ಬಲ್ಬಿನ ಒಂದು ಮಿನುಗಿಗೂ ಅದಕ್ಕೂ ತಾಳೆಯಾಗುತ್ತದೆ, ಮಾತಾಡುವ ಮುಖಕ್ಕೂ ಸಾಕು. ಐಎಸ್‌ಒ 3200 ದಾಟದಂತೆ ಕಟ್ಟು ಹಾಕಿದೆ; ಅದನ್ನು ಏರಿಸಿದರೆ ಚಿತ್ರ ಬೆಳಗುತ್ತದೆ, ಕಾಳೂ ಹೆಚ್ಚುತ್ತದೆ. ಫ್ಲ್ಯಾಶ್ ಮುಟ್ಟಲಿಲ್ಲ. ಆಮೇಲೆ ನಾನೂ ಸುಲಿಯುತ್ತ, ಮಧ್ಯೆ ಮಧ್ಯೆ ಹೆಬ್ಬೆರಳಲ್ಲಿ ಬಟನ್ ಒತ್ತುತ್ತ ಕೂತೆ. ಅರ್ಧ ಗಂಟೆಯಲ್ಲಿ ಎಲ್ಲರೂ ಅದನ್ನು ಮರೆತರು.

ಎಲ್ಲವೂ ಚೆನ್ನಾಗಿ ಬಂತು ಅಂತ ಬರೆದರೆ ಸುಳ್ಳಾಗುತ್ತದೆ. 140ರಲ್ಲಿ 60 ಅಳಿಸಿದೆ. ಫೋಕಸ್ ಹಲವು ಸಲ ಅಮ್ಮನನ್ನು ಬಿಟ್ಟು ಹಿಂದಿನ ಕಂಬಕ್ಕೆ ಹೋಗಿತ್ತು. ಬಣ್ಣ ಹಸಿರಿಗೆ ವಾಲಿತ್ತು, ವೈಟ್ ಬ್ಯಾಲೆನ್ಸನ್ನು ಬಿಳಿ ಪಂಚೆ ತೋರಿಸಿ ಹೊಂದಿಸಿದ ಮೇಲೆ ಸರಿಯಾಯಿತು. ಓಡುವ ಕೈಗೆ 100ನೇ ಒಂದು ಭಾಗ ಸಾಲದು, ಅದು ಗೊತ್ತಿದ್ದೇ ಬಿಟ್ಟೆ. ಮುಖ ನಿಂತು ಕೈ ಮಸುಕಾದರೆ ನನಗೆ ಬೇಸರವಿಲ್ಲ. ಹಂಡೆಯ ಹತ್ತಿರ ಅಪ್ಪಯ್ಯ ಅಡಿಕೆ ಬೇಯುವ ಚೊಗರು ನೋಡಲು ಬಗ್ಗಿದಾಗ ಎದ್ದ ಹಬೆ, ಒಲೆಯ ಬೆಂಕಿಯ ಕೆಂಪು ಅವರ ಗಡ್ಡದ ಒಂದು ಬದಿಗೆ ಮಾತ್ರ ಬಿದ್ದದ್ದು, ಅದೊಂದಕ್ಕೇ ನಾಲ್ಕು ತಿಂಗಳ ಓಡಾಟ ಸಾರ್ಥಕ. ಕಾಳು ಇದೆ, ಕತ್ತಲಿನ ಕಡೆ ಸಾಕಷ್ಟೇ ಇದೆ. ಇರಲಿ. ಗೆರೆಗಳು ಅದರ ಜೊತೆಗೆ ಉಳಿದಿವೆ.

ಊಟವಾದ ಮೇಲೆ ಅಮ್ಮನ ಚಿತ್ರವೊಂದನ್ನು ಪರದೆಯಲ್ಲಿ ದೊಡ್ಡದು ಮಾಡಿ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದಳು. ಮುಖದ ಮೇಲೆ ಸ್ವಲ್ಪ ಹೊತ್ತು ನಿಂತಳು, ಏನೂ ಹೇಳಲಿಲ್ಲ. ಚಿತ್ರವನ್ನು ಕೆಳಕ್ಕೆ ಸರಿಸಿಕೊಡು ಅಂದಳು. ಕೈ ಬಂತು, ಅಡಿಕೆ ಬಂತು, ಕತ್ತಿ ಬಂತು. ಅಲ್ಲಿ ನಿಲ್ಲಿಸಿ, ಒಳಗಡೆ ಹಾಸಿಗೆ ಹಾಸುತ್ತಿದ್ದ ಅಪ್ಪಯ್ಯನಿಗೆ ಕೇಳುವಂತೆ ಕೂಗಿ ಹೇಳಿದಳು:

'ನೋಡಿ ಇಲ್ಲಿ, ಕತ್ತಿ ಬಾಯಿ ಮುಕ್ಕಾಗಿದೆ. ಎರಡು ದಿನದಿಂದ ಹೇಳ್ತಾ ಇದೀನಿ. ನಾಳೆ ಪೇಟೆಗೆ ಹೋಗುವಾಗ ತಗೊಂಡು ಹೋಗಿ ಮಸೆಸಿಕೊಂಡು ಬನ್ನಿ.'