ಬ್ರಿಮ್‌ಫೀಲ್ಡ್ ಸಂತೆಗೆ ಹೊರಟವರು ಟಾರ್ಚ್ ಮರೆಯಬೇಡಿ

ಅಮೆರಿಕದ ಮೆಸಾಚುಸೆಟ್ಸ್‌ನ ಬ್ರಿಮ್‌ಫೀಲ್ಡ್‌ನಲ್ಲಿ ಮೇ, ಜುಲೈ, ಸೆಪ್ಟೆಂಬರ್‌ಗಳಲ್ಲಿ ಮಂಗಳವಾರದಿಂದ ಭಾನುವಾರದವರೆಗೆ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ನೀಲಿ ಚಿತ್ರ ಬರೆದ ಸ್ಟೋನ್‌ವೇರ್ (ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಜಾಡಿಗಾಗಿ ಹೋಗುವುದಾದರೆ ಸೆಪ್ಟೆಂಬರ್ ವಾಸಿ. ಜುಲೈ ಬಿಸಿಲಲ್ಲಿ ಆ ಬಯಲು ಸುತ್ತುವುದು ಕಷ್ಟ. ಜನಸಂದಣಿಯ ಚಿಂತೆ ಬೇಡ, ನಮ್ಮ ಜಾತ್ರೆ ನೋಡಿದವರಿಗೆ ಅದೇನೂ ಅಲ್ಲ.

ಈ ಜಾಡಿ ನಮ್ಮ ಉಪ್ಪಿನಕಾಯಿ ಭರಣಿಯ ನೆಂಟ. ಉರಿಯುವ ಗೂಡಿಗೆ ಉಪ್ಪು ಎರಚಿ ಹೊಳಪು ಬರಿಸುತ್ತಿದ್ದರು, ಹಾಗಾಗಿ ಮೈಮೇಲೆ ಕಿತ್ತಳೆ ಸಿಪ್ಪೆಯಂಥ ಸಣ್ಣ ಗುಳಿಗಳು. ಕೋಬಾಲ್ಟ್ ನೀಲಿ ಆ ಹೊಳಪಿನ ಅಡಿಯಲ್ಲಿರಬೇಕು. ಉಗುರಿಗೆ ಬಣ್ಣ ತಡೆದರೆ, ಯಾರೋ ಆಮೇಲೆ ಹಕ್ಕಿ ಬರೆದಿದ್ದಾರೆಂದೇ ಅನುಮಾನಿಸಿ. ಹೂವಿಗಿಂತ ಹಕ್ಕಿ, ಜಿಂಕೆಗಳಿಗೆ ಬೆಲೆ ಹೆಚ್ಚು, ಮೋಸವೂ ಅಲ್ಲೇ.

ಇದಕ್ಕಿಂತ ದೊಡ್ಡ ಮೋಸ ತೇಪೆಯದು. ಒಡೆದ ಬಾಯಿ, ಮುರಿದ ಹಿಡಿಯನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಕಟ್ಟಿ, ಬಣ್ಣ ಬಳಿದು, ‘ಏನೂ ಆಗಿಲ್ಲ’ ಎಂದು ಪೂರ್ತಿ ಬೆಲೆ ಹೇಳುತ್ತಾರೆ. ಹಗಲು ಬೆಳಕಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಒಯ್ಯಿರಿ. ತಲೆಯ ಮೇಲೆ ದಪ್ಪ ಶಾಲು ಹೊದ್ದು, ಜಾಡಿಯನ್ನೂ ಒಳಗೆಳೆದುಕೊಂಡು ಕತ್ತಲು ಮಾಡಿ ನೋಡಿ. ತೇಪೆ ಹಾಕಿದ ಜಾಗ ಬೇರೆಯೇ ಬಣ್ಣದಲ್ಲಿ ಹೊಳೆಯುತ್ತದೆ. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ: ‘ಠಣ್’ ಅಂದರೆ ಸರಿ, ‘ಡಬ್’ ಅಂದರೆ ಎಲ್ಲೋ ಬಿರುಕಿದೆ. ಬಾಯಂಚನ್ನು ಬೆರಳಿಂದ ಸುತ್ತ ಸವರಿ ನೋಡಿ, ತೇಪೆ ತುಸು ಬೆಚ್ಚಗೆ, ಮೆತ್ತಗೆ ಎನಿಸುತ್ತದೆ. ಪರೀಕ್ಷಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಲೇಬೇಡಿ.

ಜಾಡಿಯ ಮೇಲೆ ಒತ್ತಿದ ತಯಾರಕರ ಮುದ್ರೆಯನ್ನೂ ಓದಿ, ಯಾವ ಕಾಲದ್ದೆಂದು ತಿಳಿಯುತ್ತದೆ. ವರ್ಮಾಂಟ್‌ನ ಬೆನಿಂಗ್ಟನ್ ಜಾಡಿಗಳಲ್ಲಿ ‘ಜೆ. ಅಂಡ್ ಇ. ನಾರ್ಟನ್’ ಇದ್ದರೆ 1850–59, ‘ಇ. ಅಂಡ್ ಎಲ್.ಪಿ. ನಾರ್ಟನ್’ ಇದ್ದರೆ 1861–81. ಅಸಲಿ ಹೇಗಿರುತ್ತದೆಂದು ಕಣ್ಣು ಪಳಗಲು ಮೊದಲು ಬೆನಿಂಗ್ಟನ್ ಮ್ಯೂಸಿಯಂ ನೋಡಿಬಂದರೆ ಒಳ್ಳೆಯದು. ಅಲ್ಲಿಂದ ಸಂತೆಗೆ ಕಾರಿನಲ್ಲಿ ಎರಡು ಗಂಟೆಗೂ ಮೀರಿದ ದಾರಿ.

ಸಂತೆಯ ವಾರ ಸುತ್ತಮುತ್ತಲ ಮೋಟೆಲ್‌ಗಳ ಬಾಡಿಗೆ ಹೊರಲಾರದಷ್ಟು. ತುಸು ದೂರದ ಊರಲ್ಲಿ ಉಳಿದು, ಬೆಳಕು ಹರಿಯುವ ಮೊದಲೇ ಹೊರಡಿ. ಹೊಟ್ಟೆಗೆ ಡೋನಟ್ ಗಾಡಿ ಸಾಕು: ಕಣ್ಣೆದುರೇ ಎಣ್ಣೆಯಿಂದ ತೆಗೆದು, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ, ಕಾಗದದ ಚೀಲಕ್ಕೆ ಹಾಕುತ್ತಾರೆ. ಹೊರಗೆ ಗರಿಗರಿ, ಒಳಗೆ ಹತ್ತಿ, ಚೀಲದ ತಳವೆಲ್ಲ ಎಣ್ಣೆ. ಆ ಚಳಿಗೆ, ಕಪ್ಪು ಕಾಫಿಯ ಜೊತೆಗೆ, ಅದಕ್ಕಿಂತ ರುಚಿಯಾದ್ದು ಬೇರಿಲ್ಲ. ನಗದು ಇಟ್ಟುಕೊಳ್ಳಿ, ಚೌಕಾಸಿಗೂ ಅದೇ ಬಲ.

ಎರಡು ಗ್ಯಾಲನ್ ಜಾಡಿ ನಾಲ್ಕು ಕಿಲೋ ಹತ್ತಿರ ತೂಗುತ್ತದೆ. ಊರಿಗೆ ತರುವವರು ಚೆಕ್-ಇನ್ ಲಗೇಜಿಗೆ ಹಾಕಬೇಡಿ. ಹಿಡಿಯ ಸಂದಿಗೆ ಮೊದಲು ಬಟ್ಟೆ ತುಂಬಿ, ಆಮೇಲೆ ಸುತ್ತಿ, ಕೈಚೀಲದಲ್ಲೇ ತನ್ನಿ. ಮುರಿಯುವುದು ಹೆಚ್ಚಾಗಿ ಹಿಡಿಯೇ.